ಸಂದರ್ಶನದ ಕೊನೆಗೆ ಅಜ್ಜಿಯ ‘ಓಗ್ಬನ್ನಿ’

ಫೋನಿನ ಆ ಕಡೆಯವರು ಕೊನೆಗೆ ಕನ್ನಡದಲ್ಲಿ ಉತ್ತರ ಕೊಟ್ಟರೋ, ರೈಲಿನ ಸದ್ದಿನಲ್ಲಿ ನಾನೇ ಹಾಗೆ ಕಲ್ಪಿಸಿಕೊಂಡೆನೋ, ಖಚಿತವಾಗಿ ಹೇಳಲಾರದೆ ಒದ್ದಾಡುತ್ತಿದ್ದೆ. ಹೋದ ತಿಂಗಳು ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗಿ, ಆಸ್ಪತ್ರೆಯೊಂದರ ರಿಸೆಪ್ಷನ್ ಕೆಲಸಕ್ಕೆ ಫೋನಿನಲ್ಲೇ ನಡೆಯಬೇಕಿದ್ದ ಇಂಗ್ಲಿಷ್ ಸಂದರ್ಶನಕ್ಕೆ ಕಾಯುತ್ತಿದ್ದಳು. ಮಾತು ಮುಗಿಸುವಾಗ ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದಳು: “ಐ ಹ್ಯಾವ್ ಟು ಗೋ, ಸರ್.”

“ಅಂಗಂದ್ರೇನೇ?” ಎಂದರು ಜೊತೆಗಿದ್ದ ಅಜ್ಜಿ.

“ನಾನಿನ್ನು ಓಗ್ಬೇಕು ಅಂತ, ಅಜ್ಜಿ.”

“ಥೂ, ಬಿಡ್ತು ಅನ್ನು! ಚಾಂಪಿಯನ್ ರೀಫ್ಸ್‌ನಾಗೆ ಚಿನ್ನದ ಗಣಿಗೆ ಇಳಿಯೋವಾಗ ನಿಮ್ ತಾತ ಒಂದಿನಾನೂ ಓಗ್ತೀನಿ ಅಂದೋರಲ್ಲ. ಬತ್ತೀನಿ ಅಂತಿದ್ರು. ಬತ್ತಾನೂ ಇದ್ರು.”

ಮೂಢನಂಬಿಕೆ ಎಂದು ಒಳಗೇ ನಕ್ಕೆ. ಆದರೂ ಹುಡುಗಿ ಪೆಚ್ಚಾದದ್ದು ನೋಡಲಾಗದೆ, “ಥ್ಯಾಂಕ್ಯೂ ಫಾರ್ ಯುವರ್ ಟೈಮ್, ಸರ್” ಎಂದರೆ ಸಾಕು ಎಂದು ಹೇಳಿಕೊಟ್ಟೆ.

ಕರೆ ಬಂತು. ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕಿಕೊಂಡು ಹುಡುಗಿ ಚೆನ್ನಾಗಿಯೇ ಮಾತಾಡಿದಳು, ಹೇಳಿಕೊಟ್ಟಂತೆಯೇ ಮುಗಿಸಿದಳು. ಅಷ್ಟರಲ್ಲಿ ಅಜ್ಜಿ ಫೋನಿಗೆ ಬಾಯಿ ಹಚ್ಚಿ, “ಓಗ್ಬನ್ನಿ ಸಾಮಿ” ಎಂದುಬಿಟ್ಟರು.

ಆ ಕಡೆಯಿಂದ ಕನ್ನಡದಂತೆ ಕೇಳಿಸಿದ ಏನೋ ಒಂದು ಮಾತು ಬಂತು. ಬರುತ್ತಿದ್ದ ರೈಲು ಅದನ್ನು ನುಂಗಿತು. “ಅಯ್ಯೋ ಅಜ್ಜೀ, ಬಂದ ಕೆಲ್ಸ ಕಳ್ದೆಯಲ್ಲ!” ಎಂದು ಹುಡುಗಿ ಹಣೆ ಚಚ್ಚಿಕೊಂಡಳು.

ಮೊನ್ನೆ ಅದೇ ರೈಲಿನಲ್ಲಿ ಆಕೆ ಮತ್ತೆ ಸಿಕ್ಕಳು. ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ಇತ್ತು. ನನ್ನ ಅನುಮಾನವನ್ನು ಕೇಳಿಯೇಬಿಟ್ಟೆ. ಸಂದರ್ಶನ ಮಾಡಿದವರು ಅಜ್ಜಿಗೆ “ಬರ್ತೀನಮ್ಮ” ಎಂದದ್ದು ನಿಜವಂತೆ.