ಬಣ್ಣ ಬಯಲಾದ ಬಾಟಲಿ

ಇದು ಖರೇ ಸುದ್ದಿ; ಸಾಕ್ಷಿಗೆ ಒಂದು ಬಾಟಲಿ ಇದೆ.

ಬೆಳಗಿನ ಆರು ಗಂಟೆ. ಮೋಟೆಬೆನ್ನೂರಿನ ಆಶಾ ಕಾರ್ಯಕರ್ತೆ ಹೊಳಿಯವ್ವ ಮುಂಬಾಗಿಲನ್ನೇ ಬಡಿಯುತ್ತಾರೆ. ಕ್ಷಯ ತಗಲಿದ ಮನೆಯವರು ಹಿತ್ತಲಿನಿಂದ ಬಾ ಎನ್ನುವುದುಂಟು. "ಹಿತ್ತಲ ಬಾಗಲಾ ಕಳ್ಳರಿಗ್ರಿ. ನಾ ಗುಳಿಗಿ ತಂದೇನಿ," ಎನ್ನುತ್ತಾರೆ. ದಿನಕ್ಕೆ ಐದು ಮನೆ, ಒಂದೊಂದಕ್ಕೂ ಆರು ತಿಂಗಳು. "ನಾಲಗಿ ಎತ್ರಿ" ಎಂದು ನೋಡದೆ ಹೊಸ್ತಿಲು ದಾಟುವುದಿಲ್ಲ.

ಇದಕ್ಕೂ ಮೊದಲು ಹನ್ನೊಂದು ವರ್ಷ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದವರು. ಗಂಡ ಇದೇ ರೋಗಕ್ಕೆ ಹೋದ. "ಎರಡ ತಿಂಗಳಿಗೆ ಕೆಮ್ಮು ನಿಂತಿತು, ಗುಳಿಗಿ ಬಿಟ್ಟ. ಮತ್ತ ಬಂದಾಗ ಆ ಗುಳಿಗಿಗೆ ಜಡ್ಡು ಬಗ್ಗಲಿಲ್ಲ."

ಈ ಹೊತ್ತು ಮೊದಲ ಮನೆ, ಮೆಣಸಿನಕಾಯಿ ದಲಾಲಿ ಅಂಗಡಿಯ ಸಿದ್ದಲಿಂಗಪ್ಪನವರದು. ಇವರಿಗೂ ಎರಡು ತಿಂಗಳಿಗೇ ಕೆಮ್ಮು ನಿಂತಿತ್ತು. ಆಗ ಸುಗ್ಗಿಯ ಗಡಿಬಿಡಿ, ನಸುಕಿಗೇ ಮಾರುಕಟ್ಟೆಗೆ ಹೋಗಬೇಕು, ಗುಳಿಗೆ ನಾನೇ ನುಂಗುತ್ತೇನೆ ಎಂದರು. ಹೊಳಿಯವ್ವನಿಗೆ ಸಂಶಯ. ಈ ಔಷಧಿ ಒಳಗೆ ಹೋದರೆ ಮೂತ್ರ ಕೇಸರಿಗೆ ತಿರುಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಗುಳಿಗೆ ನಿಲ್ಲಿಸಿ ಅಂದೇ ಡಾಕ್ಟರ ಬಳಿ ಓಡಬೇಕು.

"ಒಂದ್ ಬಾಟ್ಲಿ ಹಿಡದ ಕೊಡ್ರಿ ಸಾವ್ಕಾರ್ರ."

"ನನಗ ಹೇಳಾಕ ನೀ ಯಾವಾಕಿ?"

"ತೊಟ್ಟು ಬಿಡಸಾಕಿ."

ಮರುದಿನ ಕೆಂಪನೆಯ ಬಾಟಲಿ ಸಿದ್ಧವಿತ್ತು. ಹೊಳಿಯವ್ವ ಬೆಳಕಿಗೆ ಹಿಡಿದರು. ಕೆಂಪು ಪುಡಿ ಮೆಲ್ಲಗೆ ತಳಕ್ಕಿಳಿಯುತ್ತಿತ್ತು.

"ಸಾವ್ಕಾರ್ರ, ನಮ್ಮ ಮೆಣಸಿನಕಾಯಿ ಎಣ್ಣ್ಯಾಗ ಬಿಟ್ಟಂಗ ನೀರಾಗ ಬಣ್ಣ ಬಿಡ್ತೈತೇನ್ರಿ? ಮೂವತ್ತ ವರ್ಷ ಏನ್ ಮಾರೀರಿ?"

ಸಿದ್ದಲಿಂಗಪ್ಪ ಬಾಗಿಲು ಹಾಕಿಕೊಂಡರು. ಹೊಳಿಯವ್ವ ಕಟ್ಟೆಯ ಮೇಲೆ ಕುಳಿತರು. "ಯಾರರೆ ಕೇಳಿದ್ರ, ಸಾವ್ಕಾರ್ರು ತೊಟ್ಟು ಬಿಡಸಾಕ ಕರದಾರ ಅಂತೇನಿ. ನೀವು ತೆಗಿಯೂತನಕ ನಾ ಬಿಡಾಕಿ ಅಲ್ಲ."

ಉಳಿದ ನಾಲ್ಕು ಮನೆ ಮುಗಿಸಿ ಮತ್ತೆ ಅಲ್ಲೇ ಬಂದು ಕೂರುತ್ತಿದ್ದರು; ಮೂರನೆಯ ದಿನ ಬಾಗಿಲು ತೆರೆಯಿತು. "ಗುಳಿಗಿ ನುಂಗಿದ್ರ ಹೊಟ್ಟಿ ತೊಳಸ್ತೈತಿ ಯವ್ವಾ, ಅದಕ್ಕ ಬಿಟ್ಟೆ. ಹೇಳಾಕ ನಾಚಿಕಿ ಬಂತು," ಎಂದರು ಸಿದ್ದಲಿಂಗಪ್ಪ. ಹೊಳಿಯವ್ವ ಬೈಯಲಿಲ್ಲ, ತಾನೇ ಗುಳಿಗೆಯನ್ನೂ ಕೊಡಲಿಲ್ಲ. ಸೀದಾ ಡಾಕ್ಟರ ಮುಂದೆ ಕೂರಿಸಿದರು. ರಕ್ತ ಪರೀಕ್ಷಿಸಿ, ಯಕೃತ್ತು ಸರಿಯಿದೆ ಎಂದ ಮೇಲೆಯೇ ಮತ್ತೆ ಗುಳಿಗೆ. ತಪ್ಪಿದ ಒಂಬತ್ತು ದಿನ ಆರು ತಿಂಗಳ ಕೊನೆಗೆ ಸೇರಿದವು.

ಆ ಒಂಬತ್ತನೆಯ ದಿನ ಇವತ್ತು. ಕಫದ ಪರೀಕ್ಷೆಯಲ್ಲಿ ರೋಗಾಣು ಇಲ್ಲ. ಕೊನೆಯ ಗುಳಿಗೆ ನುಂಗಿ, ಹೇಳಿಸಿಕೊಳ್ಳದೆ ನಾಲಗೆ ಎತ್ತಿ ತೋರಿಸಿದ ಸಿದ್ದಲಿಂಗಪ್ಪ ಒಳಗಿನಿಂದ ಒಂದು ಬಾಟಲಿ ತಂದು ಕೊಡುತ್ತಾರೆ. ಅದೇ ಕೆಂಪು. ಹೊಳಿಯವ್ವನ ಮುಖ ಇಳಿಯುತ್ತದೆ.

"ಮತ್ತೇನ್ರಿ ಇದು? ನಡುವ ಮತ್ತ ಬಿಟ್ಟಿದ್ರೇನು?"

"ಬೆಳಕಿಗೆ ಹಿಡದ ನೋಡು."

ಹಿಡಿಯುತ್ತಾರೆ. ತಳದಿಂದ ಕುತ್ತಿಗೆಯವರೆಗೂ ಒಂದೇ ಬಣ್ಣ.

"ಈ ಸಲ ಎಣ್ಣ್ಯಾಗ ಹಾಕೇನಿ ನೋಡವಾ. ಒಗ್ಗರಣಿಗೆ ಒಯ್ಯಿ."

ಹೊಳಿಯವ್ವ ಅದೇ ಕಟ್ಟೆಯ ಮೇಲೆ ಕುಸಿದು ಕುಳಿತು, ಓಣಿಯೆಲ್ಲ ಕೇಳುವಂತೆ ನಗುತ್ತಾರೆ. ಬಾಟಲಿ ಮಾತ್ರ ಸೆರಗಿನೊಳಗೆ ಭದ್ರ. ಆ ನಗೆ ಕೇಳಿಯೇ ಇರಬೇಕು, ಎರಡನೆಯ ಮನೆಯವರು ಬಡಿಯುವ ಮೊದಲೇ ಬಾಗಿಲು ತೆಗೆಯುತ್ತಾರೆ. ಮುಂಬಾಗಿಲನ್ನೇ.