ಹೊಟ್ಟೆ ತುಂಬಿದ ಕೌದಿ

ಮುರುಮದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನಾಗನಾಥನ ಹೆಂಡತಿ ಭಾಗೀರಥಿಬಾಯಿಗೆ ಸಿಟ್ಟು ಬರುತ್ತಿದ್ದುದು ಎರಡೇ ವಿಷಯಕ್ಕೆ. ಹಸಿದು ಬಂದವರನ್ನು ಯಾರಾದರೂ ಬರಿಗೈಯಲ್ಲಿ ಕಳಿಸಿದರೆ ಒಂದು, ಅವಳ ಕೌದಿಯನ್ನು ಚಿಂದಿ ಎಂದರೆ ಇನ್ನೊಂದು. ಮೂರನೆಯದು ಅರವತ್ತು ದಾಟಿದ ಮೇಲೆ ಬಂದು ಸೇರಿಕೊಂಡಿತು. ಹೇಳಬೇಕಾದದ್ದು ಅದನ್ನೇ.

ಅವಳ ತವರು ಮಾಕಣಿ. ಭೂಕಂಪದ ದಿನ ಮನೆ ಕುಸಿದು ತಾಯಿ ಹೋದಳು. ಮಣ್ಣು ಸರಿಸಿದಾಗ ಸಿಕ್ಕಿದ್ದು ತಾಯಿಯ ಐದು ಸೀರೆ ಮತ್ತು ಕಾಳು ತುಂಬಿಡುವ ಹಗೇವಿನ ತಳದಲ್ಲಿ ಉಳಿದಿದ್ದ ಒಂದಿಷ್ಟು ಜೋಳ. ಭಾಗೀರಥಿಬಾಯಿ, ಭೂಕಂಪದ ನಂತರ ಮನೆಯವರೆಲ್ಲ ತಂಗಿದ್ದ ತಗಡಿನ ಶೆಡ್ಡಿನಲ್ಲಿ ಕೂತು ಆ ಸೀರೆಗಳನ್ನು ಕತ್ತರಿಸಿ ಒಂದು ಕೌದಿ ಹೊಲಿದಳು. ಅದರಲ್ಲಿ ಬಳ್ಳಿ ಇಲ್ಲ, ಹೂವಿಲ್ಲ. ನಡುವೆ ಅಂಗಳ, ಈ ಕಡೆ ಪಡಸಾಲೆ, ಆ ಕಡೆ ದನದ ಕೊಟ್ಟಿಗೆ, ಹಸಿರು ಅಂಚಿನ ತುಂಡಿನಲ್ಲಿ ಬಾಗಿಲ ಮುಂದಿನ ಬೇವಿನ ಗಿಡ. ಬಿದ್ದುಹೋದ ಮನೆಯನ್ನು ಸೂಜಿಯಿಂದ ಎಬ್ಬಿಸಿ ನಿಲ್ಲಿಸಿದ್ದಳು.

ಆ ಕಡೆ ಕೌದಿ ಹೊಲಿಯುವ ಹೆಂಗಸರಲ್ಲಿ ಒಂದು ಪದ್ಧತಿ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಹೋಳಿಗೆಯ ತುಣುಕನ್ನೋ ನಾಲ್ಕು ಕಾಳನ್ನೋ ಇಟ್ಟು ಕೌದಿಯ ಹೊಟ್ಟೆ ತುಂಬಿಸಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಭಾಗೀರಥಿಬಾಯಿ ತಾಯಿಯ ಹಗೇವಿನ ಜೋಳವನ್ನೇ ಗಂಟು ಕಟ್ಟಿ ಇಟ್ಟು ಹೊಲಿದಳು. ಅರಿಷಿಣ ಹಚ್ಚಿ ಪೂಜೆ ಮಾಡಿದ ಎಣ್ಣೆಗೈಯನ್ನು ತೊಳೆಯದೆ ಮೂಲೆಯನ್ನು ಒತ್ತಿ ಹಿಡಿದಿದ್ದರಿಂದ ಅಲ್ಲೊಂದು ಹಳದಿ ಹೆಬ್ಬೆಟ್ಟು ಮೂಡಿಬಿಟ್ಟಿತು. 'ಕೈ ತೊಳಿಲಾಕ ಏನಾಗಿತ್ತು ನಿನಗ?' ಎಂದು ಅತ್ತೆ ಬೈದರು. ಅವರು ಎಷ್ಟು ಒಗೆದರೂ ಆ ಕಲೆ ಹೋಗಲೇ ಇಲ್ಲ.

ಇಪ್ಪತ್ತಾರು ವರ್ಷ ಹೀಗೇ ಕಳೆಯಿತು. ಸೊಸೆ ದೀಪಾಲಿ ಫೋನಿನಲ್ಲಿ 'ಮುರುಮ ಕೌದಿ' ಎಂಬ ಪುಟ ತೆರೆದು, ಮೊದಲಿಗೆ ಇದೇ ಕೌದಿಯ ಫೋಟೋ ಹಾಕಿದಳು. ಹೊಲಿಗೆ ಎಣಿಸಬಹುದು, ಅಷ್ಟು ದೊಡ್ಡದು, ಅಷ್ಟು ಸ್ಪಷ್ಟ. ಹೆಸರಿಲ್ಲ, ಗುರುತಿಲ್ಲ. ಬಾಗಿಲು ತೆರೆದಿಟ್ಟು ಜಾತ್ರೆಗೆ ಹೋದ ಹಾಗಾಯಿತು. ಪುಟವಂತೂ ಬೆಳೆಯಿತು. ಓಣಿಯ ಹನ್ನೊಂದು ಹೆಂಗಸರು ಅಂಗಳದಲ್ಲಿ ಕೂತು ಹೊಲಿದದ್ದು ಊರೂರಿಗೆ ಹೋಗತೊಡಗಿತು.

ಒಂದು ಬೆಳಿಗ್ಗೆ ಪುಟವೇ ಇಲ್ಲ. ದೊಡ್ಡ ಊರಿನ ಚಾದರದ ಕಂಪನಿಯೊಂದು ದೂರು ಕೊಟ್ಟಿತ್ತು: ಈ ವಿನ್ಯಾಸ ನಮ್ಮದು, ಇವರು ನಕಲು ಮಾಡಿದ್ದಾರೆ! ದೀಪಾಲಿ ಹುಡುಕಿ ನೋಡಿದರೆ ಮಾಕಣಿಯ ಮನೆ, ಅಂಗಳ, ಬೇವಿನ ಗಿಡ ಸಮೇತ, ಮೆತ್ತನೆಯ ಚಾದರದ ಮೇಲೆ ಅಚ್ಚಾಗಿ ಮಾರಾಟವಾಗುತ್ತಿತ್ತು.

"ಚೋರಾಚ್ಯಾ ಉಲಟ್ಯಾ ಬೋಂಬಾ! ಕದ್ದಂವನ ಬೊಬ್ಬೀ ಹೊಡ್ಯಾಕತ್ಯಾನ" ಎಂದಳು ಭಾಗೀರಥಿಬಾಯಿ.

ಪುಟ ಮುಚ್ಚಿದವರಿಗೆ ದೀಪಾಲಿ ಮೂರು ಸಲ ಬರೆದಳು. ಮೂರು ಸಲವೂ ಒಂದೇ ಉತ್ತರ: ಮೂಲ ನಿಮ್ಮದೆಂಬುದಕ್ಕೆ ಪುರಾವೆ ಕೊಡಿ, ಇಲ್ಲವೇ ಅವರು ದೂರು ಹಿಂದಕ್ಕೆ ತೆಗೆದುಕೊಳ್ಳಲಿ. ಅಂಗಳದಲ್ಲಿ ಹನ್ನೊಂದು ಸೂಜಿಗಳು ಸುಮ್ಮನಾದವು.

"ಬಿಡ ಅತ್ಲಾಗ. ದೊಡ್ಡವ್ರ ಜೋಡಿ ನಮಗ್ಯಾಕ?" ಎಂದ ನಾಗನಾಥ.

"ಅವ್ವನ ಮನಿ ಒಮ್ಮಿ ಭೂಮಿ ನುಂಗ್ಯಾದ. ಎರಡನೇ ಸಲ ಇವರು ನುಂಗ್ಲಾಕ ನಾ ಬಿಡಲ್ಲ" ಎಂದಳು. ನಾಗನಾಥ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ. ನಲವತ್ತು ವರ್ಷದ ಸಂಸಾರ ಅವನಿಗೆ ಅಷ್ಟಾದರೂ ಕಲಿಸಿತ್ತು.

ಉದಗೀರದ ವಸ್ತುಪ್ರದರ್ಶನದಲ್ಲಿ ಆ ಕಂಪನಿ ಮಳಿಗೆ ಹಾಕಿದೆ ಎಂದು ತಿಳಿದದ್ದೇ ತಡ, ಅತ್ತೆ ಸೊಸೆ ಇಬ್ಬರೂ ಉಮರ್ಗಾದಿಂದ ನಿಲಂಗಾ ಮೇಲೆ ಹೋಗುವ ಬಸ್ಸು ಹತ್ತಿದರು. ಕೌದಿ ದಾರಿಯುದ್ದಕ್ಕೂ ಭಾಗೀರಥಿಬಾಯಿಯ ತೊಡೆಯ ಮೇಲಿತ್ತು.

ಮಳಿಗೆಯಲ್ಲಿ ಕೋಟು ತೊಟ್ಟ ಮ್ಯಾನೇಜರ್ ನಗುನಗುತ್ತಾ ಚಾದರ ಹರಡಿದ.

"ಇದು ಯಾರು ಬಿಡಿಸಿದ್ದರೀ ಸಾಹೇಬ್ರ?" ಎಂದು ಕೇಳಿದಳು ಭಾಗೀರಥಿಬಾಯಿ.

"ಆಮಚಂಚ ಡಿಸೈನ್ ಆಹೇ ಆಜೀ!" ಎಂದು ಎದೆ ಮುಟ್ಟಿಕೊಂಡ. ಅವನಿಗೆ ಕನ್ನಡವೂ ಬರುತ್ತಿತ್ತು. ಗಡಿಯಲ್ಲಿ ಮಾಲು ಮಾರುವವನಿಗೆ ಬಾರದೆ ನಡೆಯುತ್ತದೆಯೇ? "ನಮ್ಮದೇ. ಬ್ಯಾರೆ ಎಲ್ಲೂ ಸಿಗಲ್ಲ."

"ಮೂಲ್ಯಾಗ ಈ ಹಳದಿ ಏನದ?"

"ಸೂರ್ಯ ಆಜೀ. ಚಂದ ಕಾಣ್ತದಂತ ನಾಕೂ ಮೂಲಿಗಿ ಹಾಕೀವಿ."

"ಸೂರ್ಯನ ನಡುವ ಅಡ್ಡ ಗೆರಿ ಅದಲ್ಲ?"

ಮ್ಯಾನೇಜರ್ ಬಗ್ಗಿ ನೋಡಿದ. "ಅದು... ಮೋಡ."

ಭಾಗೀರಥಿಬಾಯಿ ತನ್ನ ಕೌದಿ ಬಿಚ್ಚಿ ಚಾದರದ ಪಕ್ಕಕ್ಕೆ ಹಾಸಿದಳು. ಮೂಲೆಯ ಕಲೆಯ ಪಕ್ಕ ಬಲಗೈ ಹೆಬ್ಬೆಟ್ಟು ಊರಿದಳು. ಹುಡುಗಿಯಾಗಿದ್ದಾಗ ಕುಡಗೋಲು ತಾಗಿದ ಗಾಯ ಅದರ ಮೇಲೆ ಅಡ್ಡಲಾಗಿ ಹಾಗೇ ಇತ್ತು.

"ಇದು ಸೂರ್ಯ ಅಲ್ಲೋ ತಮ್ಮಾ, ನನ್ನ ಹೆಬ್ಬಟ್ಟು. ನೀ ಮೋಡ ಅಂದಿದ್ದು ಕುಡಗೋಲಿನ ಗಾಯ. ನನಗ ಒಂದೇ ಕೈಯಾಗ ಅದ. ನಿಮ್ಮ ಕಲಾವಿದಗ ನಾಕು ಅವ ಏನು?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಗದ್ದಲ ಕೇಳಿ ಪ್ರದರ್ಶನ ನಡೆಸುತ್ತಿದ್ದ ಮಹಿಳಾ ಸಂಘದ ರಂಭಾಬಾಯಿಯೂ ಬಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ ಮ್ಯಾನೇಜರ್ ಬೆವರು ಒರೆಸಿಕೊಂಡು, "ನಮ್ಮ ಚಾದರ ನೋಡಿ ಆಮ್ಯಾಲ ಈ ಹೆಬ್ಬಟ್ಟು ಹಚ್ಚೀರಿ ನೀವು" ಎಂದ.

"ಹಂಗೇನು? ಹಂಗಾದ್ರ ಇಲ್ಲಿ ಮುಟ್ಟು."

ಅವನು ಕೌದಿಯ ಮೂಲೆ ಮುಟ್ಟಿದ. ಬೆರಳಿಗೆ ಒಳಗಿನ ಕಾಳು ತಾಗಿದವು.

"ಈಗ ನಿಂದು ಮುಟ್ಟು."

ಚಾದರ ಸಪಾಟಾಗಿತ್ತು.

"ನನ್ನ ಕೌದಿ ಹೊಟ್ಟಿ ತುಂಬೇದ. ಅದಕ್ಕ ಮೂಲಿ ಉಬ್ಬೇದ, ಉಬ್ಬಿದ್ದಕ್ಕ ಸೊಸಿ ತೆಗೆದ ಫೋಟೋದಾಗ ಬಗಲಾಗ ನೆರಳು ಬಿದ್ದದ. ನಿಮ್ಮ ಚಾದರದಾಗ ಆ ನೆರಳು ಛಾಪಾ ಆಗ್ಯಾದ ನೋಡು. ಉಬ್ಬೇ ಇಲ್ಲದ ಅರಿವಿಗಿ ನೆರಳು ಎಲ್ಲಿಂದ ಬಂತು?"

ರಂಭಾಬಾಯಿ ಎರಡೂ ಮೂಲೆಗಳನ್ನು ಮುಟ್ಟಿ ನೋಡಿ, ಮ್ಯಾನೇಜರ್ ಕಡೆ ತಿರುಗಿ, "ದೂರು ಹಿಂದಕ್ಕ ತಗೋತೀವಿ ಅಂತ ಈಗಿಂದೀಗ ಬರಿಸಿ ಕೊಡ್ರಿ. ಇಲ್ಲಾಂದ್ರ ಮಳಿಗಿ ಬಿಚ್ರಿ" ಎಂದರು. ದೀಪಾಲಿಯ ಫೋನು ಮೊದಲಿನಿಂದ ಕೊನೆಯವರೆಗೂ ಎಲ್ಲವನ್ನೂ ಚಿತ್ರ ಹಿಡಿದಿತ್ತು. ಮ್ಯಾನೇಜರ್ ಎರಡು ಕಡೆ ಫೋನ್ ಹಚ್ಚಿದ, ನಾಲ್ಕು ಸಲ ತಲೆ ಆಡಿಸಿದ. ಸಂಜೆಯ ಬಸ್ಸಿಗೆ ಮೊದಲೇ ಕಾಗದ ಕೈಗೆ ಬಂತು. ಚಾದರಗಳು ಪೆಟ್ಟಿಗೆ ಸೇರಿದವು. ಬಸ್ಸಿನಲ್ಲಿ ಭಾಗೀರಥಿಬಾಯಿ ಅತ್ತಳು, ಸಂತೋಷಕ್ಕೆ. ಅತ್ತು ಮುಗಿದ ಮೇಲೆ ನಿಲಂಗಾದಲ್ಲಿ ಇಳಿದು ಎರಡು ಪ್ಲೇಟು ಭಜಿ ತಿಂದಳು.

ಎಂಟು ದಿನಕ್ಕೆ ಪುಟ ತೆರೆಯಿತು. ದೀಪಾಲಿ ಈಗ ಜಾಣೆಯಾಗಿದ್ದಾಳೆ. ಫೋಟೋ ಚಿಕ್ಕದು, ನಡುವೆ ಅಡ್ಡಲಾಗಿ ಹೊಲಿದವಳ ಹೆಸರು, ಕೌದಿಯ ಮೇಲೆ ಅವಳ ಕೈ. ಹೊಟ್ಟೆ ಇರುವ ಮೂಲೆಯನ್ನಂತೂ ಫೋಟೋದಲ್ಲಿ ತೋರಿಸುವುದೇ ಇಲ್ಲ.

ಮೊದಲ ಫೋಟೋದ ಕೆಳಗೆ ಏನು ಬರೆಯಲಿ ಎಂದು ಸೊಸೆ ಕೇಳಿದಾಗ ಭಾಗೀರಥಿಬಾಯಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಬರಿ. ಕಲೀಬೇಕಂದ್ರ ಮುರುಮಕ್ಕ ಬರ್ರಿ, ಊಟ ಹಾಕಿ ಕಲಿಸ್ತೀನಿ. ಕದೀಬೇಕಂದ್ರ ಮೊದ್ಲ ನನ್ನ ಹೆಬ್ಬಟ್ಟು ಒರಸ್ರಿ. ನನ್ನ ಅತ್ತಿ ಕೈಲೇ ಆಗಿಲ್ಲ ಅದು."