ಗಾಜಿನ ಮನೆಯಲ್ಲಿ ಸಿಕ್ಕ ಮಗಳು

ಹುಲ್ಲು ಬೆಳ್ಳಗಾಗಿತ್ತು. ಹಿಂದಿನ ಸಂಜೆ ಹಸಿರಾಗಿದ್ದ ಅಷ್ಟಗಲದ ಹುಲ್ಲುಹಾಸು ಬೆಳಗಾಗುವಷ್ಟರಲ್ಲಿ ಸವುಳು ನೆಲದಂತೆ ಬಿಳಿಚಿಕೊಂಡು ಬಿದ್ದಿತ್ತು. ನಮ್ಮ ಗಬ್ಬೂರಿನ ಕಡೆ ನೆಲ ಹೀಗೆ ಬೆಳ್ಳಗಾದರೆ ಅಲ್ಲಿ ಏನೂ ಬೆಳೆಯುವುದಿಲ್ಲ. ಊಟಿಯ ಸಸ್ಯೋದ್ಯಾನದ ಅಂಚಿನಲ್ಲಿ ಎರಡು ಕೊಡ ಹಿಡಿದು ನಿಂತಿದ್ದ ನಾನು, ಯಾರೋ ಉಪ್ಪು ಸುರಿದು ತೋಟವನ್ನೇ ಹಾಳುಮಾಡಿದ್ದಾರೆ ಎಂದುಕೊಂಡೆ.

ಕೊಡ ತಂದದ್ದಕ್ಕೆ ಕಾರಣವಿತ್ತು. ಹಿಂದಿನ ದಿನ ಮೇಸ್ತ್ರಿ ಎಲ್ಲರಿಗೂ ಕೇಳುವಂತೆ "ನಾಳೈಕ್ಕು ಪನಿ ವರುಂ" ಎಂದಿದ್ದ. ರಾಯಚೂರಿನ ಸಂತೆ, ಬಸ್ ನಿಲ್ದಾಣಗಳ ಉರ್ದು ಕೇಳಿ ಬೆಳೆದವಳು ನಾನು. ಪಾನಿ ಎಂದರೆ ನೀರು. ನಲ್ಲಿಗೆ ನೀರು ಬಿಡುತ್ತಾರೆಂದು ತಿಳಿದು ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದೆ. ತಮಿಳಿನಲ್ಲಿ ಪನಿ ಎಂದರೆ ಇಬ್ಬನಿ; ಚಳಿ ಬಿಗಿದಾಗ ಅದೇ ಹೆಪ್ಪುಗಟ್ಟಿ ಗಿಡಗಳನ್ನು ಸುಡುವ ಹಿಮ. ಕೆಲಸದವರು ಕೊಡ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾದಿ ಒಬ್ಬಳು ನಗಲಿಲ್ಲ. ಕೊಡಗಳನ್ನು ಕೆಳಗಿಡಿಸಿ, ಮರಗಟ್ಟಿದ್ದ ನನ್ನ ಕೈಗಳನ್ನು ತನ್ನ ಶಾಲಿನೊಳಗೆ ಎಳೆದುಕೊಂಡಳು. ಮಾದಿ ಅಲ್ಲಿನ ಬೆಟ್ಟದ ಬಡಗರ ಹೆಂಗಸು. ಅವರ ಭಾಷೆ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ಮಗುವಿಗೆ ಕೂಸು ಎನ್ನುತ್ತಿದ್ದಳು, ನಮ್ಮಂತೆಯೇ. ತನ್ನ ಊರನ್ನು ಹಟ್ಟಿ ಎನ್ನುತ್ತಿದ್ದಳು. ಆ ಎರಡು ಮಾತುಗಳನ್ನು ಹಿಡಿದುಕೊಂಡೇ ನಾನು ಆ ಬೆಟ್ಟದ ಊರಿನಲ್ಲಿ ಮೊದಲ ವರ್ಷ ಕಳೆದೆ.

ನಾನು ಹುಟ್ಟಿದ್ದು ಗಬ್ಬೂರಿನಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಮಾನ್ವಿಯ ಹಾಸ್ಟೆಲ್ಲಿನಲ್ಲಿದ್ದು ಮೆಟ್ರಿಕ್ ಮುಗಿಸಿದೆ. ಗಂಡ ಶರಣಪ್ಪ ರಾಯಚೂರಿನ ಒಂದು ನರ್ಸರಿಯಲ್ಲಿ ಮಾವಿಗೆ ಕಸಿ ಕಟ್ಟುತ್ತಿದ್ದ. ಅವನ ಕೈಚಳಕ ನೋಡಿದ ಅಧಿಕಾರಿಯೊಬ್ಬರು ಎಪ್ಪತ್ತರ ದಶಕದ ನಡುವೆ ಊಟಿಯಲ್ಲಿ ಕೆಲಸ ಕೊಡಿಸಿದರು. ನಾವು ಹೋದದ್ದು ಇಬ್ಬರಲ್ಲ, ಮೂವರು. ಮಗಳು ಗಂಗಿಗೆ ಆಗ ಒಂದೂವರೆ ವರ್ಷ.

ಮೊದಲ ಚಳಿಗೇ ಗಂಗಿಯ ಎದೆ ಕಟ್ಟಿತು. ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದಳು. ಬಯಲು ಸೀಮೆಗೆ ಕಳಿಸಿ, ಇಲ್ಲವಾದರೆ ಕಷ್ಟ ಎಂದರು ಡಾಕ್ಟರು. ಶರಣಪ್ಪ ಅವಳನ್ನು ಗಬ್ಬೂರಿಗೆ ಒಯ್ದು ನನ್ನ ಅಕ್ಕ ಭೀಮವ್ವಳ ಮಡಿಲಿಗೆ ಹಾಕಿ ಬಂದ. ಭೀಮಕ್ಕನಿಗೆ ಮಕ್ಕಳಿರಲಿಲ್ಲ. ಖಾಲಿ ಮನೆಯಲ್ಲಿ ಕೂರಲಾಗದೆ ನಾನು ತೋಟದ ಕೆಲಸಕ್ಕೆ ಸೇರಿಕೊಂಡೆ.

ಕಾರ್ತಿಕ ಬಂದರೆ ಆ ತೋಟದಲ್ಲಿ ಕೈತುಂಬ ಕೆಲಸ. ಬಿಳಿಯರ ಕಾಲದಲ್ಲಿ ನೆಟ್ಟ ಮರಗಳ ಎಲೆಗಳು ಕೆಂಪಾಗಿ, ಹಳದಿಯಾಗಿ ಉದುರುತ್ತಿದ್ದವು, ಗುಡಿಸಿದಷ್ಟೂ ಮತ್ತೆ. ಡೇಲಿಯಾ ಗೆಡ್ಡೆಗಳನ್ನು ಕಿತ್ತು ಒಣಗಿಸಬೇಕು. ಒಣಗಿದ ಹೂಗಳಿಂದ ಬೀಜ ಉದುರಿಸಿ ಪೊಟ್ಟಣ ಕಟ್ಟಬೇಕು. ಸೇವಂತಿಗೆ ಕುಂಡಗಳನ್ನು ಗಾಜಿನ ಮನೆಗೆ ಸಾಗಿಸಬೇಕು. ದಿನವೂ ಸಂಜೆ, ಹಿಮ ಬೀಳುವ ಮೊದಲು, ಎಳೆ ಸಸಿಗಳಿಗೆ ಸೊಪ್ಪಿನ ಕೊಂಬೆಗಳನ್ನು ಹೊದಿಸಬೇಕು. ಬೆಳಿಗ್ಗೆ ತೆಗೆದು, ಹುಲ್ಲಿನ ಮೇಲಿನ ಹಿಮಕ್ಕೆ ನೀರು ಚಿಮುಕಿಸಿ ಕರಗಿಸಬೇಕು. ನಮ್ಮೂರಲ್ಲಿ ಒಂದು ಕೊಡ ನೀರಿಗೆ ಹೆಂಗಸರು ಬಾವಿಯ ಕಟ್ಟೆಯ ಮೇಲೆ ಜಗಳವಾಡುತ್ತಾರೆ. ಇಲ್ಲಿ ಹುಲ್ಲಿಗೆ ಸ್ನಾನ! ಆ ಹುಲ್ಲಿನ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿತು. ಸಸಿಗಳ ಮೇಲೂ ಹುಟ್ಟಿತು. ಯಾರೋ ನೆಟ್ಟ ಸಸಿಗೆ ಚಳಿಯಾಗದಂತೆ ಹೊದಿಸುತ್ತಿದ್ದೆ. ನಾನು ಹೆತ್ತ ಮಗಳಿಗೆ ಇನ್ಯಾರೋ ಹೊದಿಸುತ್ತಿದ್ದಳು.

ಭೀಮಕ್ಕನಿಗೆ ಓದು ಬರಹ ಬಾರದು. ಊರಿನ ಮಾಸ್ತರರ ಕೈಯಲ್ಲಿ ಕಾಗದ ಬರೆಸುತ್ತಿದ್ದಳು. ಎರಡನೆಯ ವರ್ಷ ಒಂದು ಕಾಗದ ಬಂತು: "ಗಂಗಿ ಆರಾಮ ಅದಾಳ. ಈಗ ನನಗ ಯವ್ವಾ ಅಂತ ಕರಿಯಾಕತ್ಯಾಳ." ಅಕ್ಕ ಸಂತೋಷದಿಂದಲೇ ಬರೆಸಿದ್ದಳು. ನಾನು ಅದನ್ನು ಮಡಚಿ ಒಲೆಗೆ ಹಾಕಿದೆ. ಯಾರ ಕಾಗದ ಎಂದು ಗಂಡ ಕೇಳಿದಾಗ, ತೋಟದ್ದು ಎಂದೆ.

ಮೂರನೆಯ ವರ್ಷದ ಕಾರ್ತಿಕದಲ್ಲಿ ಶರಣಪ್ಪ ಊರಿಗೆ ಹೋಗಿ ಇಬ್ಬರನ್ನೂ ಕರೆತಂದ. ಗಂಗಿ ಅಕ್ಕನ ಸೆರಗಿನೊಳಗಿಂದ ನನ್ನನ್ನು ಇಣುಕಿ ನೋಡಿ, ಮತ್ತೆ ಸೆರಗು ಎಳೆದುಕೊಂಡಳು. ಮರುದಿನ ಇಬ್ಬರನ್ನೂ ತೋಟಕ್ಕೆ ಕರೆದೊಯ್ದೆ. ಭೀಮಕ್ಕ ಕಣ್ಣರಳಿಸಿ ನೋಡಿದಳು.

"ಇಷ್ಟು ನೀರು ಹುಲ್ಲಿಗಿ ಹಾಕ್ತೀರೇನು ಬೇ? ದನಾನೂ ತಿನ್ನಂಗಿಲ್ಲ ಇದನ್ನ?"

"ಇಲ್ಲ. ನೋಡಾಕಷ್ಟ."

"ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತದ ನೋಡು, ನಾಗಿ. ಸುಳ್ಳ್ಯಾಕ ಹೇಳ್ಲಿ? ನಾನು ಬಿಸಲಾಗ ಹತ್ತಿ ಬಿಡಿಸಿ ಸಾಯಾಕತ್ತೀನಿ, ನೀ ಹೂವಿನಾಗ ಅಡ್ಡಾಡ್ತೀ."

ಅಕ್ಕ ನಗುನಗುತ್ತಲೇ ಹೇಳಿಬಿಟ್ಟಳು. ನನ್ನ ಹೊಟ್ಟೆಯಲ್ಲಿ ಎರಡು ವರ್ಷದಿಂದ ಉರಿಯುತ್ತಿದ್ದುದನ್ನು ನನಗೆ ಹಾಗೆ ಹೇಳಲಾಗಲಿಲ್ಲ. ಅಷ್ಟರಲ್ಲಿ ಗಂಗಿ ಒದ್ದೆ ಎಲೆಗಳ ಮೇಲೆ ಜಾರಿ ಬಿದ್ದಳು. ನಾನು ಹತ್ತಿರದಲ್ಲಿದ್ದೆ, ಕೈ ಚಾಚಿದೆ. ಅವಳು ನನ್ನ ಕೈ ದಾಟಿ, "ಯವ್ವಾ!" ಎಂದು ಅಳುತ್ತ ಅಕ್ಕನ ಬಳಿ ಓಡಿದಳು.

"ಆಕಿ ಯವ್ವ ನಾನು. ನೀ ದೊಡ್ಡವ್ವ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿತು. "ಕೂಸು ಇನ್ನ ಇಲ್ಲೇ ಇರ್ಲಿ."

ಭೀಮಕ್ಕನ ಮುಖ ಇಳಿಯಿತು. "ಚಳಿಗಿ ಮತ್ತ ಕೆಮ್ಮು ಬಂದ್ರ?"

"ನನ್ನ ಮಗಳನ್ನ ನೋಡಿಕೊಳ್ಳಾಕ ನನಗ ಬರ್ತದ."

ಅಕ್ಕ ವಾದಿಸಲಿಲ್ಲ. ಹೊರಡುವ ದಿನ ಮಾತ್ರ ಒಂದೊಂದಾಗಿ ಹೇಳಿದಳು: "ಮಲಗುವಾಗ ನಮ್ಮ ಕಿವಿ ಹಿಡ್ಕೊಂಡು ಮಲಗ್ತಾಳ. ಜ್ವಾಳದ ರೊಟ್ಟಿ ಹಾಲಾಗ ನೆನಿಸಿ ಕೊಡು. ಬೈಬ್ಯಾಡ, ಬೈದ್ರ ಉಣ್ಣಂಗಿಲ್ಲ." ಒಂದೊಂದು ಮಾತೂ ನನಗೆ ಬೈಗುಳದಂತೆ ಕೇಳಿತು. ನನ್ನ ಮಗಳ ಗುಟ್ಟುಗಳು ಇವಳ ಹತ್ತಿರ ಇರಬೇಕೆ? ಅಕ್ಕ ಹೋದ ಮೇಲೆ ಬೇಕೆಂದೇ ಗಂಗಿಗೆ ಅನ್ನ ಕಲಸಿ ಕೊಟ್ಟೆ. ಮಲಗುವಾಗ ಗೋಡೆಯ ಕಡೆ ಮುಖ ಮಾಡಿ ಮಲಗಿಸಿದೆ.

ಗಂಗಿ ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಬಹುದಿತ್ತು. ಎರಡು ತುತ್ತು ತಿಂದು ಕಿಟಕಿಯ ಬಳಿ ಕೂರುತ್ತಿದ್ದಳು. ಯಾರನ್ನೂ ಏನೆಂದೂ ಕರೆಯುತ್ತಿರಲಿಲ್ಲ. ನೀರು ಬೇಕಾದರೆ ಚೊಂಬಿನ ಪಕ್ಕ ಸುಮ್ಮನೆ ಹೋಗಿ ನಿಲ್ಲುತ್ತಿದ್ದಳು. ನನಗೆ ಬೇಕಾದದ್ದು ಸಿಕ್ಕಿತ್ತು. ಆದರೂ ಗಬ್ಬೂರಿನಲ್ಲಿ ಬರಿಗೈಲಿ ಕುಳಿತವಳ ಮೇಲಿನ ಅಸೂಯೆ ಕಡಿಮೆಯಾಗಲಿಲ್ಲ.

ಒಂದು ಮಧ್ಯಾಹ್ನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀಜದ ಪೊಟ್ಟಣ ಕಟ್ಟುತ್ತಿದ್ದೆ. ತಲೆ ಎತ್ತಿ ನೋಡಿದರೆ ಮಗು ಇಲ್ಲ. ತೋಟದ ಕೊಳದ ಕಡೆ ಓಡಿದೆ. ನೀರಿನ ಮೇಲೆ ಎಲೆಗಳು ತೇಲುತ್ತಿದ್ದವು, ಕೆಳಗೇನಿದೆಯೋ ಕಾಣುತ್ತಿರಲಿಲ್ಲ. ಸೀರೆ ಎತ್ತಿಕಟ್ಟಿ ನೀರಿಗಿಳಿದೆ. ಮೊಣಕಾಲವರೆಗೆ ಚಳಿ ಕೊಯ್ಯುತ್ತಿತ್ತು. ಆಗ ಮೇಲಿನಿಂದ ಮಾದಿಯ ದನಿ ಕೇಳಿತು: "ಕೂಸು! ಕೂಸು!"

ಗಂಗಿ ಗಾಜಿನ ಮನೆಯೊಳಗಿದ್ದಳು. ಹೊರಗೆ ತಣ್ಣನೆಯ ಗಾಳಿ. ಒಳಗೆ ಬಿಸಿಲು ಗಾಜಿನಲ್ಲಿ ಇಳಿದು ಬೆಚ್ಚಗಾಗಿತ್ತು. ಸ್ವೆಟರ್, ಟೊಪ್ಪಿಗೆ ಎಲ್ಲ ಕಳಚಿಟ್ಟು, ಬರಿಮೈಯಲ್ಲಿ ಎರಡು ಕುಂಡಗಳ ನಡುವೆ ಕಾಲು ಚಾಚಿ ಕುಳಿತಿದ್ದಳು. ಹಣೆಯ ಮೇಲೆ ಬೆವರು. ಎಂಟು ದಿನಗಳಲ್ಲಿ ಮೊದಲ ಸಲ ಮುಖದಲ್ಲಿ ನಗೆಯಿತ್ತು.

"ಇಲ್ಲಿ ನಮ್ಮೂರು ಅದ," ಎಂದಳು ನನಗೆ. "ಸೆಕಿ ಅದ. ಈಗ ಯವ್ವ ಬರ್ತಾಳ."

ಒದ್ದೆ ಸೀರೆಯಲ್ಲೇ ಅವಳ ಪಕ್ಕ ಕುಳಿತೆ. ತಲೆ ಬಾಗಿಸಿ ಕಿವಿಯನ್ನು ಅವಳ ಕೈಗೆ ಸಿಗುವಂತೆ ಹಿಡಿದೆ. ಅವಳು ಹಿಡಿಯಲಿಲ್ಲ. ಬಾಗಿಲ ಕಡೆಯೇ ನೋಡುತ್ತಿದ್ದಳು.

ಅದೇ ವಾರ ನಾನೇ ಅವಳನ್ನು ಕರೆದುಕೊಂಡು ಹೊರಟೆ. ರಾಯಚೂರಿನಲ್ಲಿ ರೈಲು ಇಳಿದು ದೇವದುರ್ಗದ ಬಸ್ಸು ಹತ್ತಿದೆವು. ಕಲ್ಮಲ ದಾಟಿದ ಮೇಲೆ ಗಂಗಿ ಸೀಟಿನ ಮೇಲೆ ನಿಂತುಕೊಂಡಳು. ನಾವು ಊರು ಮುಟ್ಟಿದಾಗ ಭೀಮಕ್ಕ ಹತ್ತಿ ಹೊಲದಲ್ಲಿದ್ದಳು. ಗಂಗಿ ಓಡಿದಳು. ಅಕ್ಕ ಅವಳನ್ನು ಸೊಂಟಕ್ಕೆ ಏರಿಸಿಕೊಂಡು ನೇರ ನನ್ನ ಬಳಿಗೇ ಬಂದಳು. ಒಂದು ಕೊಂಕು ಮಾತು ಬರಲೆಂದು ನಾನು ಕಾದೆ. ಬಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

"ಎಷ್ಟು ಸೊರಗೀಯಲ್ಲ ಬೇ! ಬಾ, ಮೊದ್ಲು ಉಣ್ಣು," ಎಂದಳು.

ಅವಳ ಮೇಲೆ ಸಿಟ್ಟಾಗುವ ದಾರಿಯನ್ನೂ ಅವಳು ಹಾಗೆ ಮುಚ್ಚಿಬಿಟ್ಟಳು.

ಆಮೇಲೆ ವರ್ಷಗಳು ಹೀಗೇ ಸಾಗಿದವು. ಬೇಸಿಗೆಯಲ್ಲಿ ಗಂಗಿ ಊಟಿಗೆ ಬರುವಳು, ಉಳಿದ ತಿಂಗಳೆಲ್ಲ ಗಬ್ಬೂರು. ನನ್ನನ್ನು ಅವ್ವಾ ಎನ್ನುವುದನ್ನು ರೂಢಿಸಿಕೊಂಡಳು. ಯವ್ವಾ ಎನ್ನುವುದು ಅಕ್ಕನಿಗೇ ಉಳಿಯಿತು. ನಾನು ಬೀಜದ ಕೋಣೆಯಲ್ಲಿ ಕಾಯಂ ಆದೆ, ತಮಿಳಿನಲ್ಲಿ ಜಗಳವಾಡುವಷ್ಟು ಕಲಿತೆ. ಅಲ್ಲಿ ನನ್ನನ್ನು ರಾಯಚೂರಮ್ಮ ಎನ್ನುತ್ತಾರೆ. ಗಬ್ಬೂರಿನಲ್ಲಿ ನಾನು ಊಟಿಯಾಕಿ.

ಎಂಬತ್ತರ ದಶಕದ ನಡುವೆ ಗಂಗಿಯನ್ನು ದೇವದುರ್ಗದಲ್ಲಿ ಹೈಸ್ಕೂಲಿಗೆ ಸೇರಿಸಲು ಅಕ್ಕತಂಗಿಯರಿಬ್ಬರೂ ಹೋದೆವು. ಗುಮಾಸ್ತರು ಕೇಳಿದರು, "ತಾಯಿ ಹೆಸರೇನವ್ವ?"

ಗಂಗಿ ನಮ್ಮಿಬ್ಬರ ಮುಖ ನೋಡಿದಳು. "ಯಾವ ತಾಯಿದ್ರಿ?"

ಗುಮಾಸ್ತರು ಪೆನ್ನು ಕೆಳಗಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಭೀಮಕ್ಕ ಹೇಳಿದಳು, "ನಾಗಮ್ಮ ಅಂತ ಬರಕೊಳ್ರಿ ಯಪ್ಪಾ. ಹಡದಾಕಿ ಆಕಿ." ಮನೆಯ ವಿಳಾಸ ಕೇಳಿದಾಗ ಗಂಗಿ ತಡವರಿಸಲಿಲ್ಲ, ಗಬ್ಬೂರಿನದು ಹೇಳಿದಳು. ನನ್ನ ಹೆಸರು, ಅಕ್ಕನ ಮನೆ. ಕೆಳಗೆ ನಾನೇ ಸಹಿ ಹಾಕಿದೆ. ಸಹಿ ಹಾಕುವಾಗಲೂ ಆ ವಿಳಾಸದ ಮೇಲೆ ನನ್ನ ಕಣ್ಣು ಕಿಸುರಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಸಂಜೆ ಅವರಿಬ್ಬರೂ ಗಬ್ಬೂರಿನಲ್ಲಿ ಇಳಿದರು. ನನ್ನ ಬಸ್ಸು ರಾಯಚೂರಿಗೆ ಹೋಗಬೇಕಿತ್ತು. ಗಂಗಿ ಕಿಟಕಿಯ ಕೆಳಗೆ ಬಂದು ನಿಂತು ಕೂಗಿದಳು:

"ಅವ್ವಾ, ನಿಮ್ಮೂರು ಮುಟ್ಟಿದ ಮ್ಯಾಲ ಕಾಗದ ಹಾಕು!"

ನಿಮ್ಮೂರು ಎಂದಳು. ತಿದ್ದಬೇಕೆಂದು ಕಿಟಕಿಯಿಂದ ತಲೆ ಹೊರಹಾಕಿದೆ. ಯಾವ ಊರಿನ ಹೆಸರು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಬಸ್ಸು ಹೊರಟಿತು.